ಓದುಗರ ಪ್ರಶ್ನೆ: ಅತ್ತೆ ಹೇಳಿದ್ದನ್ನು ಬರೆದರೆ ಅದು ನೆನಪೋ, ಕಥೆಯೋ?

ಪ್ರಶ್ನೆ: ಮೇಡಂ, ಈ ಮಳೆಗಾಲದಲ್ಲಿ ನನ್ನ ಓದು ಜಾಸ್ತಿಯಾಯಿತು. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಸಿದ ಮೇಲೆ ಕೊನೆಕೊಯ್ಲಿನವರೆಗೆ ಸ್ವಲ್ಪ ಬಿಡುವು ಸಿಗುತ್ತದೆ. ಮಗ ಶಿವಮೊಗ್ಗದಿಂದ ಪುಸ್ತಕ ತಂದುಕೊಟ್ಟ. ಕುವೆಂಪು ಅವರ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’, ಅನಂತಮೂರ್ತಿಯವರ ಆತ್ಮಕಥೆ ‘ಸುರಗಿ’, ನಡುವೆ ಕುವೆಂಪು ಅವರದೇ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’, ಕೊನೆಗೆ ನಾ. ಡಿಸೋಜರ ಕಾದಂಬರಿ ‘ದ್ವೀಪ’.

‘ದ್ವೀಪ’ದಲ್ಲಿ ನೀರು ಏರುತ್ತಾ ಬರುವ ಭಾಗವನ್ನು ಅತ್ತೆಗೆ ಜೋರಾಗಿ ಓದಿದೆ. ಅವರ ತವರಿನವರು ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಊರು ಬಿಟ್ಟವರು. ನನ್ನನ್ನು ತಡೆದು, ‘ನಮ್ಮನೆ ಕೆಂಪಿ ದನ ಹಗ್ಗ ಹರ್ಕೊಂಡು ಹಳೇ ಮನೆಗೇ ಹೋಗಿತ್ತು ಮಾರಾಯ್ತಿ. ಹೆಂಚು ಇಳಿಸಿದ ಕೊಟ್ಟಿಗೇಲಿ ನಿಂತಿತ್ತು’ ಅಂದರು. ಮದುವೆಯಾಗಿ ಬಂದಾಗಿನಿಂದ ಈ ಮಾತು ನಾನು ಕೇಳಿದ್ದೇ ಇಲ್ಲ.

ಆತ್ಮಕಥೆ ನಡೆದದ್ದು, ಕಾದಂಬರಿ ಕಟ್ಟಿದ್ದು ಅಂತಾರಲ್ಲ, ಮತ್ತೆ ಕಾದಂಬರಿಯೇ ಹೆಚ್ಚು ನಿಜ ಅನ್ನಿಸುವುದು ಯಾಕೆ? ಅತ್ತೆಗೆ ಓದು ಬರಹ ಬರುವುದಿಲ್ಲ. ಅವರು ಹೇಳಿದ್ದನ್ನು ನಾನು ಬರೆಯಬಹುದೇ?
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ನಿಮ್ಮ ಅತ್ತೆಯ ಬಾಯಲ್ಲಿ ಆ ದನದ ಮಾತು ಬಂದದ್ದು ಕಾದಂಬರಿ ಕೇಳಿ. ಅರ್ಧ ಉತ್ತರ ಅಲ್ಲೇ ಸಿಕ್ಕಿತು, ಅಲ್ವಾ?

ಆತ್ಮಕಥೆಗೆ ಒಂದು ಬೇಲಿ ಇದೆ. ತಾನು ಕಂಡದ್ದು, ತನಗೆ ಆದದ್ದು, ಅಷ್ಟರೊಳಗೇ ಅದು ಓಡಾಡಬೇಕು. ಕುವೆಂಪು ಹುಟ್ಟಿದ್ದು 1904ರಲ್ಲಿ. ಆದರೆ 1967ರಲ್ಲಿ ಬಂದ ‘ಮದುಮಗಳು’ ಅದಕ್ಕೂ ಹಿಂದಿನ ಮಲೆನಾಡಿಗೆ ಹೋಗುತ್ತದೆ. ವಿವೇಕಾನಂದರು ಶಿಕಾಗೋದಲ್ಲಿ ಮಾತಾಡಿದ 1893ರ ಹೊತ್ತಿನದು ಅದರ ಕಥೆ. ಆ ಕಾಲದಲ್ಲಿ ಮೇಗರವಳ್ಳಿ ಕಡೆಯ ಕಾಡುದಾರಿಯಲ್ಲಿ ನಡೆದ ಜೀತದಾಳುಗಳು ಯಾರೂ ಆತ್ಮಕಥೆ ಬರೆದಿಡಲಿಲ್ಲ. ಅವರ ಕೈಗೆ ಯಾರೂ ಅಕ್ಷರ ಕೊಟ್ಟಿರಲಿಲ್ಲ. ಹಾಗಾಗಿ ಅಂಥವರು ಉಳಿದಿರುವುದು ಆ ಕಾದಂಬರಿಯ ಗುತ್ತಿಯಲ್ಲಿ, ತಿಮ್ಮಿಯಲ್ಲಿ. ಗುತ್ತಿಯ ನಾಯಿ ಹುಲಿಯನಿಗೂ ಅಲ್ಲಿ ಜಾಗವಿದೆ. ಕೊನೆಯಲ್ಲಿ ಆ ನಾಯಿ ತುಂಬಿದ ತುಂಗೆಯ ಪಾಲಾಗುತ್ತದೆ. ಪ್ರತಿ ಸಲವೂ ಅಲ್ಲಿಗೆ ಬಂದಾಗ ನಾನು ಪುಸ್ತಕ ಮಡಚಿಟ್ಟು ಎದ್ದುಬಿಡುತ್ತೇನೆ. ನಮ್ಮಲ್ಲಿ ಎಷ್ಟು ಮಂದಿ ದೊಡ್ಡ ಮನುಷ್ಯರ ಸಾವನ್ನು ಇಷ್ಟು ಸಂಕಟದಿಂದ ಬರೆದಿದ್ದಾರೆ ಹೇಳಿ! ಯಾವ ದಾಖಲೆಯಲ್ಲೂ ಇಲ್ಲದ ಜನ ಮತ್ತು ಜೀವಗಳು ಅಲ್ಲಿ ಉಸಿರಾಡುತ್ತವೆ. ನಿಮಗೆ ನಿಜ ಅನ್ನಿಸಿದ್ದು ಅದಕ್ಕೇ.

ಹಾಗಂತ ಆತ್ಮಕಥೆಗಳನ್ನು ಬದಿಗಿಡಬೇಡಿ. ಸನ್ಮಾನ, ಸಭೆ, ಪ್ರವಾಸ ಅಂತ ಹೊರಟರೆ ಅವು ಸೊರಗುತ್ತವೆ, ಮನೆಯೊಳಗೆ ಬಂದರೆ ಚಿಗುರುತ್ತವೆ. ಕುವೆಂಪು ಅವರ ಮಗ ತೇಜಸ್ವಿಯವರ ‘ಅಣ್ಣನ ನೆನಪು’ ಓದಿಲ್ಲದಿದ್ದರೆ ತರಿಸಿಕೊಳ್ಳಿ. ಅಲ್ಲಿ ಅಣ್ಣ ಅಂದರೆ ಅಪ್ಪ. ನೆನಪಿನ ದೋಣಿಯಲ್ಲಿ ಕುವೆಂಪು ತಮ್ಮನ್ನು ತಾವು ನೋಡಿಕೊಳ್ಳುತ್ತಾರೆ. ಇಲ್ಲಿ ಮಗ ಅಪ್ಪನನ್ನು ನೋಡುತ್ತಾನೆ. ಎರಡನ್ನೂ ಒಟ್ಟಿಗೆ ಓದಿದರೆ ರುಚಿಯೇ ಬೇರೆ.

ಇನ್ನು ನಿಮ್ಮ ಅತ್ತೆಯ ವಿಷಯ. ‘ಸುರಗಿ’ಯನ್ನೂ ಅನಂತಮೂರ್ತಿಯವರು ಕೂತು ಬರೆದದ್ದಲ್ಲ. ಅವರು ಹೇಳಿದರು, ಜ.ನಾ. ತೇಜಶ್ರೀ ಬರೆದುಕೊಂಡರು. ಅಷ್ಟು ಬರೆದವರೇ ಹೇಳಿ ಬರೆಸಿರುವಾಗ ನಿಮ್ಮ ಅತ್ತೆ ಹೇಳಬಾರದೇ? ಖಂಡಿತ ಬರೆಯಿರಿ, ಬೇಗ ಬರೆಯಿರಿ. ಲಿಂಗನಮಕ್ಕಿ ಕಟ್ಟೆ ಮುಗಿದದ್ದು 1964ರಲ್ಲಿ. ಆಗ ಎಲ್ಲ ತಿಳಿಯುವ ವಯಸ್ಸಿನಲ್ಲಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಮುಳುಗಡೆ ಅಂದರೆ ಇವತ್ತಿಗೂ ನಮಗೆ ಕೇಳಿಸುವುದು ಹಕ್ಕುಪತ್ರ, ಸರ್ವೆ ನಂಬರು, ಅರ್ಜಿ. ಅದು ಬೇಕೇ ಬೇಕು, ಆ ಜನಕ್ಕೆ ಇನ್ನೂ ನ್ಯಾಯ ಸಿಕ್ಕಿಲ್ಲ. ಆದರೆ ಕೆಂಪಿ ಹಗ್ಗ ಹರಿದುಕೊಂಡು ಹೋದದ್ದು ಯಾವ ಅರ್ಜಿಯಲ್ಲೂ ಇರುವುದಿಲ್ಲ.

‘ಮುಳುಗಡೆ ಕಥೆ ಹೇಳಿ’ ಅಂತ ಸುಮ್ನೆ ಕೇಳಿದರೆ ‘ಏನ್ ಹೇಳದು, ಎಲ್ಲ ಹೋಯ್ತು’ ಅಂತಾರೆ. ಸಣ್ಣದನ್ನು ಕೇಳಿ. ಹೊರಡುವ ದಿನ ಬೆಳಿಗ್ಗೆ ಒಲೆ ಹಚ್ಚಿದ್ದರಾ? ಬಚ್ಚಲ ಹಂಡೆ ಕಿತ್ತುಕೊಂಡು ಬಂದರಾ? ಭೂತನ ಕಲ್ಲನ್ನು ಏನು ಮಾಡಿದರು? ಫಸಲು ಬಿಡುತ್ತಿದ್ದ ಅಡಿಕೆ ಮರ ಕಡಿದರಾ, ಹಾಗೇ ಬಿಟ್ಟರಾ? ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಆಮೇಲೆ ಅವರ ಮಾತಿನಲ್ಲೇ ಇಳಿಸಿ. ‘ಮಾರಾಯ್ತಿ’ಯನ್ನು ತೆಗೆಯಬೇಡಿ.

ನೆನಪೋ ಕಥೆಯೋ ಎಂದು ಕೇಳಿದಿರಿ. ಅತ್ತೆಗೆ ಮರೆತದ್ದನ್ನು ನೀವು ತುಂಬಿಸದಿದ್ದರೆ ಅದು ನೆನಪು. ಒಂದು ಕಡೆ ಅವರು ಸುಮ್ಮನಾದರೆ, ಸುಮ್ಮನಾದರು ಅಂತಲೇ ಬರೆಯಿರಿ. ಮುಂದೊಂದು ದಿನ ಆ ಜಾಗವನ್ನು ನಿಮ್ಮ ಊಹೆಯಿಂದ ತುಂಬಿಸಬೇಕು ಅನ್ನಿಸಿದರೆ ಬೇರೆ ನೋಟ್‌ಬುಕ್ ತೆಗೆದುಕೊಳ್ಳಿ. ಅದು ಕಾದಂಬರಿ, ಅದಕ್ಕೂ ನಿಮಗೆ ಹಕ್ಕಿದೆ.

‘ದ್ವೀಪ’ದ ನಾಗವೇಣಿಯ ಭಾಗಗಳನ್ನೂ ಅವರಿಗೆ ಓದಿ. ಗಂಡಸರು ಪರಿಹಾರಕ್ಕೆ ಅಲೆಯುತ್ತಿದ್ದಾಗ ಮನೆಯಲ್ಲಿ ಉಳಿದ ಹೆಂಗಸರು ಹೇಗಿದ್ದರು ಎಂದು ಕೇಳಿ. ನಾಲ್ಕು ಪುಟ ಆದಮೇಲೆ ನನಗೆ ಕಳಿಸಿ. ಒಂದಕ್ಷರವನ್ನೂ ತಿದ್ದದೆ ಓದುತ್ತೇನೆ.