ಸ್ಪ್ರಿಂಟ್ ಮುಗಿಯುತ್ತಿಲ್ಲ ಅಂತ ಸ್ಕ್ರಮ್ ಬಿಟ್ಟು ಕಾನ್ಬಾನ್ ಹಿಡಿಯಬೇಕಾ?

ನಿಮ್ಮ ಸಾಫ್ಟ್‌ವೇರ್ ಟೀಮಿನ ಸ್ಪ್ರಿಂಟ್, ಅಂದರೆ ಇಷ್ಟು ವಾರದಲ್ಲಿ ಇಷ್ಟು ಮುಗಿಸುತ್ತೇವೆ ಅಂತ ಹಾಕಿಕೊಂಡ ಸುತ್ತು, ಮುಗಿಯುತ್ತಿಲ್ಲ. ಅಂಥ ಸುತ್ತುಗಳಲ್ಲಿ ನಡೆಯುವ ಸ್ಕ್ರಮ್ ಬಿಟ್ಟು, ಸುತ್ತಿಲ್ಲದೆ ಕೆಲಸ ಒಂದೊಂದಾಗಿ ಹರಿಯುವ ಕಾನ್ಬಾನ್‌ಗೆ ಹೋಗಲಾ, ಇಲ್ಲಾ ಇನ್ನಿಬ್ಬರನ್ನು ಸೇರಿಸಿಕೊಳ್ಳಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಒಂದೊಂದು ಕೆಲಸವನ್ನು ಕಾರ್ಡಾಗಿ, ಒಂದೊಂದು ಹಂತವನ್ನು ಕಾಲಂ ಆಗಿ ತೋರಿಸುವ ಇಂಥ ಬೋರ್ಡುಗಳ ಮುಂದೆ ನಾನೂ ಸಾಕಷ್ಟು ನಿಂತವನು, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ನೀವೇ ಕೊಟ್ಟ ಲೆಕ್ಕ ನೋಡಿ. ಆರು ಡೆವಲಪರ್, ಇಬ್ಬರು ಟೆಸ್ಟರ್, ಏಕಕಾಲಕ್ಕೆ ತೆರೆದಿರುವ ಕಾರ್ಡು 18, ವಾರಕ್ಕೆ ಮುಗಿಯುವುದು 6. ಸರತಿ ಸಾಲಿನ ಗಣಿತದಲ್ಲಿ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರವೊಂದಿದೆ: ಒಳಗಿರುವ ಕೆಲಸವನ್ನು ಮುಗಿಯುವ ವೇಗದಿಂದ ಭಾಗಿಸಿದರೆ ಒಂದು ಕೆಲಸಕ್ಕೆ ಹಿಡಿಯುವ ಸರಾಸರಿ ಕಾಲ. 18 ಭಾಗಿಸು 6, ಮೂರು ವಾರ. ನಿಮ್ಮ ಸ್ಪ್ರಿಂಟ್ ಎರಡು ವಾರದ್ದು. ಮುಗಿಯುವುದಾದರೂ ಹೇಗೆ? ತೆರೆದ ಕಾರ್ಡು ಎಂಟಕ್ಕಿಳಿದು ವೇಗ ಹಾಗೇ ಉಳಿದರೆ ಸುಮಾರು ಏಳು ಕೆಲಸದ ದಿನ ಸಾಕು.

18 ಆಗುವುದು ಒಂದೇ ತಪ್ಪಿನಿಂದ. ಕೋಡ್ ಬರೆದಾಯಿತು, ಇನ್ನೊಬ್ಬರು ಓದಿ ನೋಡುವ ರಿವ್ಯೂ ಆಗಿಲ್ಲ, ಟೆಸ್ಟಿಂಗ್‌ನಲ್ಲಿ ಸಾಲು. ಸುಮ್ಮನೆ ಕೂತರೆ ಚೆನ್ನಾಗಿರಲ್ಲ ಅಂತ ಡೆವಲಪರ್ ಹೊಸ ಕಾರ್ಡು ಎಳೆದುಕೊಳ್ಳುತ್ತಾನೆ. ನಾಲ್ಕು ದಿನದ ಮೇಲೆ ಹಳೆಯದರಲ್ಲಿ ಬಗ್ ಬರುತ್ತದೆ. ಅಷ್ಟೊತ್ತಿಗೆ ಅವನ ತಲೆಯಲ್ಲಿ ಹೊಸದೇ ತುಂಬಿರುತ್ತದೆ, ಹಳೆಯ ಕೋಡನ್ನು ಮತ್ತೆ ಓದಬೇಕು. ಎರಡೂ ನಿಧಾನ. ‘ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀಯ, ಅಡ್ಡಿ ಏನಿದೆ’ ಅಂತ ಒಬ್ಬೊಬ್ಬರನ್ನೇ ಕೇಳುವ ಸ್ಟ್ಯಾಂಡಪ್, ಅಂದರೆ ದಿನದ ಪುಟ್ಟ ಸಭೆ, ಈ ಚಟಕ್ಕೆ ಗೊಬ್ಬರ ಹಾಕುತ್ತದೆ. ಸ್ಕ್ರಮ್‌ನ ಅಧಿಕೃತ ಕೈಪಿಡಿಯಾದ ಸ್ಕ್ರಮ್ ಗೈಡ್ 2020ರಲ್ಲಿ ಆ ಮೂರು ಪ್ರಶ್ನೆಗಳನ್ನೇ ಕೈಬಿಟ್ಟಿದೆ. ವ್ಯಕ್ತಿಗಳನ್ನು ಬಿಟ್ಟು ಕಾರ್ಡುಗಳನ್ನು ಕೇಳಿ, ಅದೂ ಬೋರ್ಡಿನ ಬಲತುದಿಯಿಂದ: ‘ಡನ್’ಗೆ ತೀರಾ ಹತ್ತಿರ ಇರುವುದು ಯಾಕೆ ನಿಂತಿದೆ, ಇವತ್ತು ಯಾರು ಕೈಹಾಕುತ್ತೀರಿ?

ಟೆಸ್ಟಿಂಗ್ ಕಾಲಂಗೆ ಮಿತಿ 4 ಇಡಿ. ಸಾಲಿನಲ್ಲಿ ಕಾಯುವ ಕಾರ್ಡೂ ಅದರಲ್ಲೇ ಎಣಿಕೆಗೆ ಬರಲಿ. ಬೋರ್ಡು ನಡೆಸುವ ಸಾಫ್ಟ್‌ವೇರ್ ಜಿರಾದಲ್ಲಿ ಕಾಲಂಗೆ ಗರಿಷ್ಠ ಸಂಖ್ಯೆ ಕೊಡಬಹುದು, ಆದರೆ ಮೀರಿದಾಗ ಕಾಲಂ ಕೆಂಪಾಗುತ್ತದೆಯೇ ಹೊರತು ಕಾರ್ಡು ಎಳೆಯುವುದನ್ನು ಅದು ತಡೆಯುವುದಿಲ್ಲ. ಹಾಗಾಗಿ ಒಪ್ಪಂದ ಟೀಮಿನಲ್ಲೇ ಆಗಬೇಕು: ನಾಲ್ಕು ತುಂಬಿದೆಯಾ, ಡೆವಲಪರ್ ಹೊಸ ಕಾರ್ಡು ಮುಟ್ಟುವಂತಿಲ್ಲ. ಟೆಸ್ಟ್ ಡೇಟಾ ಮಾಡಿಕೊಡಲಿ, ಬಾಕಿ ರಿವ್ಯೂ ಮುಗಿಸಲಿ, ಬೇರೆಯವರು ಬರೆದ ಕೋಡನ್ನು ಪರೀಕ್ಷಿಸಲಿ. ‘ಡೆವಲಪರ್ ಖಾಲಿ ಕೂತಿದ್ದಾನೆ’ ಅಂತ ಮ್ಯಾನೇಜರ್ ಗೊಣಗುತ್ತಾರೆ. ಗೊಣಗಲಿ.

ಮಿತಿ ಇಟ್ಟ ಮರುದಿನವೇ ಯಾರಾದರೂ ‘ಆನ್ ಹೋಲ್ಡ್’ ಅಂತ ಹೊಸ ಕಾಲಂ ಕೇಳುತ್ತಾರೆ. ಕೊಡಬೇಡಿ, ಅದು ಗೋಡೌನ್ ಆಗುತ್ತದೆ. ಕ್ಲೈಂಟ್ ಉತ್ತರಕ್ಕೆ ಕಾಯುವ ಕಾರ್ಡಿಗೆ ಕೆಂಪು ಫ್ಲ್ಯಾಗ್ ಹಾಕಿ, ಇದ್ದ ಕಾಲಂನಲ್ಲೇ ಬಿಡಿ. ಅದು ಜಾಗ ತಿಂದು ಎಲ್ಲರಿಗೂ ಚುಚ್ಚುತ್ತಿದ್ದರೇ ಯಾರಾದರೂ ಫೋನ್ ಮಾಡುವುದು. ಪ್ರೊಡಕ್ಷನ್, ಅಂದರೆ ಬಳಕೆದಾರರ ಕೈಯಲ್ಲಿರುವ ಸಿಸ್ಟಮ್, ಬಿದ್ದಂಥ ತುರ್ತಿಗೆ ಬೋರ್ಡಿನಲ್ಲಿ ಪ್ರತ್ಯೇಕ ಲೇನ್ (ಅಡ್ಡಸಾಲು) ಇರಲಿ, ಅದರಲ್ಲಿ ಒಂದು ಸಲಕ್ಕೆ ಒಂದೇ ಕಾರ್ಡು.

ಜನ ಸೇರಿಸುವ ಮಾತು. ತಡವಾದ ಸಾಫ್ಟ್‌ವೇರ್ ಪ್ರಾಜೆಕ್ಟಿಗೆ ಜನ ತುಂಬಿದರೆ ಇನ್ನೂ ತಡವಾಗುತ್ತದೆ ಅಂತ ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದರು. ಎಂಟು ಜನರ ನಡುವೆ 28 ಜೋಡಿ ಮಾತುಕತೆ, ಹತ್ತು ಜನರಾದರೆ 45. ಹೊಸಬರಿಗೆ ಕಲಿಸುವವರೂ ನಿಮ್ಮ ಹಳಬರೇ.

ಅರ್ಧ ಮುಗಿದ ಕಾರ್ಡಿಗೆ ಅರ್ಧ ಪಾಯಿಂಟ್ (ಕೆಲಸದ ಗಾತ್ರಕ್ಕೆ ಟೀಮು ಕೊಡುವ ಅಂಕ) ಕೊಡುವುದನ್ನೂ ಇವತ್ತೇ ನಿಲ್ಲಿಸಿ. ಮುಗಿಯದಿದ್ದರೆ ಸೊನ್ನೆ. ಮೂರು ದಿನಕ್ಕಿಂತ ದೊಡ್ಡದು ಅನ್ನಿಸಿದ ಕಾರ್ಡನ್ನು ಪ್ಲಾನಿಂಗ್‌ನಲ್ಲೇ ಒಡೆಯಿರಿ. ಎರಡು ಸ್ಪ್ರಿಂಟ್ ಕಳೆದರೂ ಟೆಸ್ಟಿಂಗ್ ಕಾಲಂ ಒಮ್ಮೆಯೂ ತುಂಬಲಿಲ್ಲ ಅಂದರೆ ಮಿತಿ ಸಡಿಲವಾಗಿದೆ, ಒಂದು ಇಳಿಸಿ.