ಆಳ ನೋಡಿ ಹೆಸರಿಡಬೇಡಿ, ಮೊದಲು ಬಾಯಿ ತೆರೆಸಿ ಹಲ್ಲು ನೋಡಿ

500 ಮೀಟರ್ ಆಳಕ್ಕೆ ಬಿಟ್ಟ ಟ್ರಾಲ್ ಬಲೆಯಲ್ಲಿ ಒಂದಡಿಯ ಕಪ್ಪು ಶಾರ್ಕ್ ಸಿಕ್ಕಿದೆ, ಬೆನ್ನ ಮೇಲೆ ಎರಡು ಮುಳ್ಳಿವೆ, ಆ ಆಳದಲ್ಲಿರುವುದು ಯಾವ ಪ್ರಭೇದ ಎಂದು ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಹಿಡಿದುಕೊಂಡೇ ಹೊರಟವನು. ಒಂದೇ ಬಲೆಯಿಂದ ಬಂದ 11 ಮಾದರಿಗಳು, ಎಲ್ಲವೂ ಕಪ್ಪು, ಎಲ್ಲವೂ ಗೇಣುದ್ದದ ಆಸುಪಾಸು. ಆಳದ ಪಟ್ಟಿ ನೋಡಿ ಎಲ್ಲದಕ್ಕೂ ಒಂದೇ ಹೆಸರು ಬರೆದು, ಇಡಿಯಾಗಿ ಫಾರ್ಮಲಿನ್‌ನಲ್ಲಿ ಮುಳುಗಿಸಿಬಿಟ್ಟೆ. ಆಮೇಲೆ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ತಿಳಿಯಿತು, ಅಲ್ಲಿದ್ದದ್ದು ಎರಡು ಪ್ರಭೇದ.

ಹತ್ತನ್ನು ಚರ್ಮ ನೋಡಿ ಬೇರ್ಪಡಿಸಿದೆ. ಹನ್ನೊಂದನೆಯದರ ಎರಡೂ ಪಕ್ಕೆಗಳನ್ನು ಬಲೆ ಕೆರೆದುಹಾಕಿತ್ತು. ಪಕ್ಕೆಯ ಕಪ್ಪು ಗುರುತೂ ಇಲ್ಲ, ಚರ್ಮದ ಹುರುಪೆಯೂ ಇಲ್ಲ. ಅದಕ್ಕೆ ಡಿಎನ್ಎ ಒಂದೇ ದಾರಿ, ಆ ದಾರಿಯನ್ನು ನಾನೇ ಮುಚ್ಚಿದ್ದೆ. ಫಾರ್ಮಲಿನ್ ಕೆಲಸ ಮಾಡುವುದೇ ಪ್ರೋಟೀನುಗಳನ್ನು ಒಂದಕ್ಕೊಂದು, ಡಿಎನ್ಎಗೂ ಸೇರಿಸಿ, ಕಟ್ಟಿಹಾಕುವ ಮೂಲಕ. ಮಾಂಸ ಕೊಳೆಯದಿರುವುದು ಅದರಿಂದಲೇ. ಆದರೆ ಆ ಕಟ್ಟಿನೊಳಗೆ ಡಿಎನ್ಎ ತುಂಡುತುಂಡಾಗುತ್ತದೆ. ಪ್ರಭೇದ ಗುರುತಿಸಲು ಸಾಮಾನ್ಯವಾಗಿ ಓದುವ ಸಿಒಐ ಜೀನಿನ ಭಾಗ ಸುಮಾರು 650 ಅಕ್ಷರಗಳಷ್ಟು ಉದ್ದ. ಫಾರ್ಮಲಿನ್ ಕುಡಿದ ಮಾಂಸದಿಂದ ಅಷ್ಟುದ್ದದ ಎಳೆ ಹೊರಬರುವುದು ತೀರಾ ಕಷ್ಟ. ನಂತರ ಎಷ್ಟು ಸಲ ಆಲ್ಕೋಹಾಲಿನಲ್ಲಿ ತೊಳೆದರೂ ಆದ ಹಾನಿ ಸರಿಹೋಗದು. ಐದು ನಿಮಿಷ ಮೊದಲು ಕಡಲೆಕಾಳಿನಷ್ಟು ಮಾಂಸ ಕತ್ತರಿಸಿಟ್ಟಿದ್ದರೆ ಸಾಕಿತ್ತು. ಆ ಮೀನಿನ ಚೀಟಿಯಲ್ಲಿ ಇವತ್ತಿಗೂ ಕುಲದ ಹೆಸರು ಮಾತ್ರ ಇದೆ.

ಹಾಗಾಗಿ ಕ್ರಮ ಹೀಗಿರಲಿ. ಮೀನು ಒದ್ದೆಯಿರುವಾಗಲೇ ಅಳತೆಪಟ್ಟಿ ಪಕ್ಕದಲ್ಲಿಟ್ಟು ಎರಡೂ ಬದಿ, ಹೊಟ್ಟೆ, ಹಲ್ಲು ಎಲ್ಲದರ ಫೋಟೋ ತೆಗೆಯಿರಿ. ಎಡಬದಿಯನ್ನು ಅಳತೆಗೆಂದು ಮುಟ್ಟದೆ ಬಿಡಿ. ಬಲಬದಿಯಲ್ಲಿ ಮೊದಲ ಬೆನ್ನುರೆಕ್ಕೆಯ ಕೆಳಗೆ ಚರ್ಮ ಸರಿಸಿ ಅರ್ಧ ಸೆಂಟಿಮೀಟರ್ ಮಾಂಸ ತೆಗೆದು, ಅದರ ಹತ್ತು ಪಟ್ಟು 95% ಎಥನಾಲ್‌ನಲ್ಲಿ ಹಾಕಿ. ಮಾಂಸದ ನೀರು ಎಥನಾಲನ್ನು ತೆಳುವಾಗಿಸುತ್ತದೆ, ಆದ್ದರಿಂದ ಮರುದಿನ ಬದಲಿಸಲೇಬೇಕು. ಪ್ರತಿ ಮೀನಿಗೂ ಬ್ಲೇಡು ಬೇರೆ. ಮೀನಿಗೂ ಸೀಸೆಗೂ ಒಂದೇ ಸಂಖ್ಯೆ.

ಇಷ್ಟಾದ ಮೇಲೆ ಫಾರ್ಮಲಿನ್: ಅಂಗಡಿಯ ದ್ರಾವಣ ಒಂದು ಪಾಲು, ಸಮುದ್ರದ ನೀರು ಒಂಬತ್ತು ಪಾಲು. ಕೈಗವಸು, ಗಾಳಿಯಾಡುವ ಜಾಗ ಎರಡೂ ಬೇಕು. ಈ ಶಾರ್ಕ್‌ಗಳ ಯಕೃತ್ತು ದೊಡ್ಡದು, ಎಣ್ಣೆ ತುಂಬಿದ್ದು. ಹೊಟ್ಟೆಯೊಳಕ್ಕೂ ಸೂಜಿಯಿಂದ ದ್ರಾವಣ ಬಿಡದಿದ್ದರೆ ಹೊರಗೆ ಗಟ್ಟಿಯಾಗಿ ಒಳಗೆ ಕೊಳೆಯುತ್ತದೆ. ಮೀನನ್ನು ನೇರವಾಗಿ ಮಲಗಿಸಿ. ಬಾಗಿದ ಮೈ ಗಟ್ಟಿಯಾದರೆ ರೆಕ್ಕೆಗಳ ನಡುವಿನ ಅಳತೆಗಳೆಲ್ಲ ಸುಳ್ಳು. ವಾರದ ನಂತರ ನೀರಿನಲ್ಲಿ ನೆನೆಸಿ, ಚೆನ್ನಾಗಿ ತೊಳೆದು 70% ಎಥನಾಲ್‌ಗೆ ಹಾಕಿ.

ಈಗ ಹೆಸರಿನ ವಿಷಯ. ಎರಡೂ ಬೆನ್ನುರೆಕ್ಕೆಗಳ ಮುಂದೆ ಉದ್ದ ಗೀರು ಇರುವ ಮುಳ್ಳು, ಅದರಲ್ಲೂ ಎರಡನೆಯದು ದೊಡ್ಡದು, ಗುದರೆಕ್ಕೆ ಇಲ್ಲ, ಹೊಟ್ಟೆ ಕಡುಗಪ್ಪು: ಇಷ್ಟಿದ್ದರೆ ಅದು ಬಹುಮಟ್ಟಿಗೆ ಎಟ್ಮೋಪ್ಟೆರಿಡೇ, ಅಂದರೆ ಲ್ಯಾಂಟರ್ನ್ ಶಾರ್ಕ್ ಕುಟುಂಬ. ಗುದರೆಕ್ಕೆ ಕಂಡರೆ ಅಲ್ಲಿಗೇ ನಿಲ್ಲಿಸಿ, ಅದು ಬೇರೆ ಗಣ. ಮುಳ್ಳು ಮೊದಲ ರೆಕ್ಕೆಗೆ ಮಾತ್ರ ಇದ್ದರೆ ಬೇರೆ ಕುಟುಂಬದ ಸ್ಕ್ವಾಲಿಯೋಲಸ್ ಎಂಬ ಕುಲ ಇರಬಹುದು.

ಕುಲ ಹೇಳುವುದು ಹಲ್ಲು. ಮೇಲ್ದವಡೆಯಲ್ಲಿ ಹಲವು ಮೊನೆಗಳ ಹಲ್ಲು, ಕೆಳಗೆ ಪಕ್ಕಕ್ಕೆ ವಾಲಿ ಒಂದಕ್ಕೊಂದು ಹೆಣೆದು ಗರಗಸದಂತಾದ ಹಲ್ಲು ಇದ್ದರೆ ಎಟ್ಮೋಪ್ಟೆರಸ್. ಕುಟುಂಬದ ಬಹುಪಾಲು ಪ್ರಭೇದಗಳು ಇದರಲ್ಲೇ ಇವೆ. ಎರಡೂ ದವಡೆಗಳಲ್ಲಿ ಬಾಚಣಿಗೆಯಂಥ ಹಲ್ಲಿದ್ದರೆ ಸೆಂಟ್ರೋಸಿಲಿಯಂ. ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿಗಳಲ್ಲಿರುವ ಸೆಂಟ್ರೋಸಿಲಿಯಂ ಆರ್ನೇಟಮ್ ಈ ಗುಂಪಿನದು. ಸಣ್ಣ ಕೊಕ್ಕೆ ಹಲ್ಲುಗಳ ಅಕ್ಯುಲಿಯೋಲಾ ಪೆರು, ಚಿಲಿ ಕರಾವಳಿಯದು. ದೂರದೂರಕ್ಕೆ ನಿಂತ ಸೂಜಿಯಂಥ ಕೋರೆಗಳ ಟ್ರೈಗೊನೊಗ್ನಾಥಸ್ ಅನ್ನು 1990ರಲ್ಲಿ ಜಪಾನಿನಿಂದ ವರ್ಣಿಸಿದರು.

ಎಟ್ಮೋಪ್ಟೆರಸ್‌ನೊಳಗೆ ಪ್ರಭೇದ ತಲುಪುವುದೇ ನಿಜವಾದ ಕಷ್ಟ. ಚರ್ಮವನ್ನು ಮೆತ್ತಗೆ ಒರೆಸಿ ಹತ್ತು ಪಟ್ಟು ಹಿಗ್ಗಿಸಿ ನೋಡಿ. ಲೂಸಿಫರ್, ಸ್ಪೈನಾಕ್ಸ್, ಪುಸಿಲಸ್ ಈ ಕುಲದ ಪ್ರಭೇದಗಳ ಹೆಸರು. ಲೂಸಿಫರ್ ಗುಂಪಿನಲ್ಲಿ ಕೊಕ್ಕೆಯಂಥ ಹುರುಪೆಗಳು ಬಾಚಿದ ಹಾಗೆ ಸಾಲಾಗಿರುತ್ತವೆ. ಸ್ಪೈನಾಕ್ಸ್‌ನಲ್ಲಿ ಕೊಕ್ಕೆ ಉಂಟು, ಸಾಲಿಲ್ಲ. ಪುಸಿಲಸ್‌ನಲ್ಲಿ ತುದಿ ಕತ್ತರಿಸಿದಂಥ ಮೋಟು ಹುರುಪೆಗಳು ಚೆದುರಿರುತ್ತವೆ, ಬೆರಳಿಗೆ ನುಣುಪು. ಸೊಂಟದ ರೆಕ್ಕೆಯ ಮೇಲಿನ ಕಪ್ಪು ಪಟ್ಟೆ ಬೆಳಕು ಸೂಸುವ ಅಂಗಗಳ ಗುಂಪು. ಅದರ ಮುಂದಿನ ಕವಲು, ಹಿಂದಿನ ಕವಲುಗಳ ಉದ್ದ ಬೇರೆಬೇರೆ ಅಳೆಯಿರಿ. ಹಲ್ಲಿನ ಮೊನೆಗಳ ಎಣಿಕೆಯನ್ನು ಮಾತ್ರ ನೆಚ್ಚಬೇಡಿ, ಗಂಡು ಹೆಣ್ಣು ಮತ್ತು ವಯಸ್ಸಿನ ಮೇಲೆ ಅದು ಬದಲಾಗುತ್ತದೆ.

ಆಳದ ಬಗ್ಗೆ ನನ್ನ ಮಾತು ಖಡಾಖಂಡಿತ: ಅದು ಹೆಸರು ಕೊಡುವುದಿಲ್ಲ. ಬಲೆಯ ಬಾಯಿ ಇಳಿಯುವಾಗಲೂ ಏರುವಾಗಲೂ ತೆರೆದೇ ಇರುತ್ತದೆ. ಸ್ಪೈನಾಕ್ಸ್‌ನ ಮರಿಗಳು ದೊಡ್ಡವಕ್ಕಿಂತ ಮೇಲಿನ ಆಳದಲ್ಲಿರುತ್ತವೆ. ಪುಸಿಲಸ್ ಅಟ್ಲಾಂಟಿಕ್, ಹಿಂದೂ ಮಹಾಸಾಗರ, ಪೆಸಿಫಿಕ್ ಮೂರರಲ್ಲೂ ಇದೆ, ನಕ್ಷೆ ಏನು ಸಹಾಯ ಮಾಡೀತು? ಕೆರಿಬಿಯನ್‌ನ ಕೊಲಂಬಿಯಾ, ವೆನೆಜುವೆಲಾ ಅಂಚಿನಲ್ಲಿ 283ರಿಂದ 439 ಮೀಟರ್‌ನಲ್ಲಿ ದಾಖಲಾದ, ಗೇಣುದ್ದ ಮೀರದ ಎಟ್ಮೋಪ್ಟೆರಸ್ ಪೆರ್ರಿಯಂಥವು ಅಪವಾದ. ಬಹುತೇಕ ಪ್ರಭೇದಗಳು ಭೂಖಂಡದ ಇಳಿಜಾರಿನಲ್ಲಿ, ಕಡಲೊಳಗಿನ ಬೆಟ್ಟಗಳ ಮೇಲೆ, ಸುಮಾರು 200 ಮೀಟರ್‌ನಿಂದ ಸಾವಿರಕ್ಕೂ ಕೆಳಗಿನವರೆಗೆ ಒಂದರ ವಲಯದೊಳಗೊಂದು ಹಾಸುಹೊಕ್ಕಾಗಿವೆ.

ನಿಮ್ಮ ಮೀನು ಇನ್ನೂ ಫ್ರೀಜರಿನಲ್ಲೇ ಇದ್ದರೆ ಏನೂ ಕೆಟ್ಟಿಲ್ಲ. ಪೂರ್ತಿ ಕರಗಲು ಬಿಡಬೇಡಿ. ಅರ್ಧ ಗಟ್ಟಿ ಇರುವಾಗಲೇ ಮಾಂಸದ ತುಂಡು ಅಚ್ಚುಕಟ್ಟಾಗಿ ಬರುತ್ತದೆ. ಅದನ್ನು ಎಥನಾಲ್‌ಗೆ ಹಾಕಿ ಸಂಖ್ಯೆ ಬರೆದ ಮೇಲೆ ಫಾರ್ಮಲಿನ್ ಬಾಟಲಿಯ ಮುಚ್ಚಳ ತೆಗೆಯಿರಿ.