ಹಾಸಿಗೆ ಉಸಿರು ಎಣಿಸುತ್ತದೆ, ಬೆನ್ನು ನೀವೇ ನೋಡಬೇಕು

ಪ್ರಶ್ನೆ: ನಮ್ಮ ತಂದೆಗೆ 74 ವರ್ಷ. ಪಾರ್ಶ್ವವಾಯು ಹೊಡೆದು ನಾಲ್ಕು ತಿಂಗಳಿಂದ ಹಾಸಿಗೆ ಹಿಡಿದಿದ್ದಾರೆ. ಎಡಗೈ, ಎಡಗಾಲು ಆಡುವುದಿಲ್ಲ. ಈಚೆಗೆ ಸೆನ್ಸರ್ ಇರುವ ಗಾಳಿ ಹಾಸಿಗೆ ತಂದೆವು. ಮೈಗೆ ಒಂದು ವೈರನ್ನೂ ಅಂಟಿಸಿಲ್ಲ. ಆದರೂ ಉಸಿರು ಎಷ್ಟು, ಎದೆಬಡಿತ ಎಷ್ಟು, ಎಲ್ಲಿ ಒತ್ತಡ ಜಾಸ್ತಿ ಅಂತ ಫೋನ್‌ನಲ್ಲಿ ಬರುತ್ತದೆ. ಇದನ್ನು ಎಷ್ಟು ನಂಬಬಹುದು? ಎಲ್ಲ ಹಸಿರು ಇದ್ದರೆ ರಾತ್ರಿ ಮಗ್ಗುಲು ಬದಲಿಸಲು ಏಳದೇ ಇರಬಹುದಾ? ನೋಡಿಕೊಳ್ಳುವವಳು ನಾನೊಬ್ಬಳೇ. ನಿದ್ದೆಗೆಟ್ಟು ಸಾಕಾಗಿದೆ.

ಉತ್ತರ: ನಿಮ್ಮ ನಿದ್ದೆಯ ವಿಷಯವನ್ನೇ ಮೊದಲು ಹೇಳುತ್ತೇನೆ. ಹಸಿರು ಇದೆ ಅಂತ ಮಗ್ಗುಲು ಬದಲಿಸುವುದನ್ನು ಬಿಡಬೇಡಿ. ಆದರೆ ಎರಡು ಗಂಟೆಗೊಮ್ಮೆ ಎದ್ದೇ ಏಳಬೇಕು ಅನ್ನುವ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ. ಒಳ್ಳೆಯ ಹಾಸಿಗೆ ಇದ್ದು ಚರ್ಮ ಚೆನ್ನಾಗಿದ್ದರೆ ಕೆಲವರಿಗೆ ರಾತ್ರಿ ಮೂರು, ನಾಲ್ಕು ಗಂಟೆಯ ಅಂತರವೂ ಸಾಕಾಗುತ್ತದೆ. ನಿಮ್ಮ ತಂದೆಗೆ ಎಷ್ಟು ಸರಿ ಅನ್ನುವುದನ್ನು ಅವರ ಚರ್ಮವೇ ಹೇಳುತ್ತದೆ. ಅದನ್ನು ಓದುವ ರೀತಿ ಮುಂದೆ ಬರೆದಿದ್ದೇನೆ. ಅಂತರ ಹೆಚ್ಚಿಸುವ ಮೊದಲು ಅವರ ಡಾಕ್ಟರ್ ಅಥವಾ ನರ್ಸ್ ಹತ್ತಿರ ಒಮ್ಮೆ ಮಾತಾಡಿ.

ಈಗ ಹಾಸಿಗೆಯ ಸಂಗತಿ. ಗಾಳಿ ತುಂಬಿದ ಬಲೂನಿನ ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಉಬ್ಬುತ್ತದೆ, ಅಲ್ವಾ? ಹಾಗೇ ಇದೂ. ಮೇಲೆ ಮಲಗಿದವರು ಉಸಿರು ಎಳೆದಾಗ ಎದೆ, ಹೊಟ್ಟೆ ಹಿಗ್ಗಿ ಭಾರ ಸ್ವಲ್ಪ ಅತ್ತಿತ್ತ ಆಗುತ್ತದೆ. ಒಳಗಿನ ಗಾಳಿಯ ಒತ್ತಡ ಅಷ್ಟೇ ಏರಿ ಇಳಿಯುತ್ತದೆ. ಪೈಪಿನ ಕೊನೆಯಲ್ಲಿರುವ ಸೆನ್ಸರ್ ಅದನ್ನು ಹಿಡಿಯುತ್ತದೆ. ಆರಾಮಾಗಿರುವ ದೊಡ್ಡವರ ಉಸಿರು ನಿಮಿಷಕ್ಕೆ 12ರಿಂದ 20. ಅದು ದೊಡ್ಡ, ನಿಧಾನದ ಅಲೆ. ಅದರ ಮೇಲೆ ಸಣ್ಣದಾಗಿ, ಬೇಗ ಬೇಗ ನಡುಗುವ ಇನ್ನೊಂದು ಅಲೆ ಇರುತ್ತದೆ. ಹೃದಯದ ಅಲೆ ಅದು. ಪ್ರತಿ ಬಡಿತಕ್ಕೂ ಹೃದಯ ಸುಮಾರು 70 ಮಿಲಿಲೀಟರ್ ರಕ್ತವನ್ನು ಜೋರಾಗಿ ತಳ್ಳುತ್ತದೆ. ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುವ ಹಾಗೆ ಇಡೀ ಮೈ ಕೂದಲೆಳೆಯಷ್ಟು ಅಲುಗುತ್ತದೆ. ಎರಡು ಅಲೆಗಳ ವೇಗ ಬೇರೆ ಬೇರೆ ಆದ್ದರಿಂದ ಯಂತ್ರಕ್ಕೆ ಅವನ್ನು ಬಿಡಿಸುವುದು ಸಾಧ್ಯ.

ಇದು ಹೊಸ ವಿಷಯವೇನಲ್ಲ. ಸ್ಪ್ರಿಂಗ್ ತೂಕದ ಯಂತ್ರದ ಮೇಲೆ ಅಲುಗದೆ ನಿಂತರೆ ಮುಳ್ಳು ನಾಡಿಯ ಜೊತೆಗೇ ನಡುಗುತ್ತದೆ ಅಂತ ಗಾರ್ಡನ್ ಎಂಬವರು 1877ರಲ್ಲೇ ಬರೆದರು. 1930ರ ದಶಕದ ಕೊನೆಗೆ ಅಮೆರಿಕದ ವೈದ್ಯ ಐಸಾಕ್ ಸ್ಟಾರ್ ಇದನ್ನು ಅಳೆಯಲು ಅಲುಗುವ ಮಂಚವನ್ನೇ ಮಾಡಿಸಿದರು. ಮುಳ್ಳಿರುವ ಹಳೆಯ ತೂಕದ ಯಂತ್ರ ಸಿಕ್ಕರೆ ನೀವೂ ಒಮ್ಮೆ ನಿಂತು ನೋಡಿ. ನಾನು ಮೊದಲ ಸಲ ನೋಡಿದಾಗ ತುಂಬಾ ಹೊತ್ತು ಇಳಿಯಲೇ ಇಲ್ಲ.

ಹಾಗಾದರೆ ಎಷ್ಟು ನಂಬಬೇಕು? ತಂದೆ ಅಲುಗದೆ ಮಲಗಿದ್ದಾಗ ಬರುವ ಉಸಿರಿನ ಲೆಕ್ಕ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಎದೆಬಡಿತದ ಲೆಕ್ಕ ಸ್ವಲ್ಪ ಸೂಕ್ಷ್ಮ. ಕೆಮ್ಮಿದರೆ, ಮಾತಾಡಿದರೆ, ನೀವು ಮಂಚದ ಅಂಚಿನಲ್ಲಿ ಕೂತರೆ, ಪಂಪ್ ಗಾಳಿ ತುಂಬುತ್ತಿದ್ದರೆ ಕೆಡುತ್ತದೆ. ರಕ್ತದೊತ್ತಡ, ರಕ್ತದ ಆಮ್ಲಜನಕ ಇದಕ್ಕೆ ಗೊತ್ತಾಗುವುದಿಲ್ಲ. ಹೃದಯದ ಲಯ ತಪ್ಪಿದೆಯಾ ಅಂತ ತಿಳಿಯಲು ಇಸಿಜಿಯೇ ಬೇಕು.

ಇನ್ನೊಂದನ್ನು ದಯವಿಟ್ಟು ನೆನಪಿಡಿ. ಪಾರ್ಶ್ವವಾಯು ಆದವರಲ್ಲಿ ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ಕಟ್ಟುವುದು ಸಾಮಾನ್ಯ. ಆಗ ಮೂಗಿನಲ್ಲಿ ಗಾಳಿ ಆಡುತ್ತಿರುವುದಿಲ್ಲ, ಆದರೆ ಎದೆ ಮಾತ್ರ ಒದ್ದಾಡುತ್ತಲೇ ಇರುತ್ತದೆ. ಹಾಸಿಗೆ ಆ ಒದ್ದಾಟವನ್ನೂ ಉಸಿರು ಅಂತಲೇ ಎಣಿಸಬಹುದು. ಜೋರು ಗೊರಕೆ ಇದ್ದಕ್ಕಿದ್ದಂತೆ ನಿಂತು, ಆಮೇಲೆ ಗಕ್ಕನೆ ಉಸಿರು ಎಳೆಯುವುದನ್ನು ಕೇಳಿದರೆ ಫೋನ್ ಏನೇ ಹೇಳಲಿ, ಡಾಕ್ಟರಿಗೆ ತಿಳಿಸಿ.

ಈ ಹಾಸಿಗೆಯಿಂದ ನಿಜವಾಗಿ ಉಪಯೋಗ ಆಗುವುದು ಒಂದು ದಿನದ ಅಂಕಿಯಿಂದಲ್ಲ. ರಾತ್ರಿಯಿಂದ ರಾತ್ರಿಗೆ ಏನು ಬದಲಾಯಿತು ಅನ್ನುವುದರಿಂದ. ತಂದೆ ನಿದ್ದೆಯಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 16 ಸಲ ಉಸಿರಾಡುತ್ತಾರೆ ಅಂದುಕೊಳ್ಳಿ. ಎರಡು ರಾತ್ರಿ 22, 24 ಬಂದರೆ ಜ್ವರ ಇಲ್ಲದಿದ್ದರೂ ಸುಮ್ನೆ ಬಿಡಬೇಡಿ. ನುಂಗಲು ಕಷ್ಟ ಇರುವವರಿಗೆ ನೀರು, ಅನ್ನ ಶ್ವಾಸಕೋಶಕ್ಕೆ ಇಳಿದು ಸೋಂಕು ಆಗುತ್ತದೆ. ಅದರ ಮೊದಲ ಸುಳಿವು ಎಷ್ಟೋ ಸಲ ಉಸಿರಿನಲ್ಲೇ ಸಿಗುತ್ತದೆ. ಅನುಮಾನ ಬಂದಾಗ ಅವರ ಹೊಟ್ಟೆಯ ಮೇಲೆ ಹಗುರವಾಗಿ ಅಂಗೈ ಇಟ್ಟು, ಗಡಿಯಾರ ನೋಡಿ, ಪೂರ್ತಿ ಒಂದು ನಿಮಿಷ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ. ಕೈಯ ಲೆಕ್ಕವೂ ಹೆಚ್ಚಿಗೆ ಬಂದರೆ ಅವತ್ತೇ ಫೋನ್ ಮಾಡಿ. ತುಟಿ ನೀಲಿಯಾದರೆ, ಉಸಿರಿಗೆ ಒದ್ದಾಡುತ್ತಿದ್ದರೆ ನೇರ ಆಸ್ಪತ್ರೆಗೆ ಹೋಗಿ.

ಒತ್ತಡದ ಬಣ್ಣದ ಚಿತ್ರದ ಬಗ್ಗೆ ನನಗೆ ಹೆಚ್ಚು ಆತಂಕ. ಜನ ಅದನ್ನೇ ಚರ್ಮ ಅಂದುಕೊಳ್ಳುತ್ತಾರೆ. ಚರ್ಮದ ಮೇಲಿನ ಒತ್ತಡ 32 ಮಿಲಿಮೀಟರ್ ಪಾದರಸಕ್ಕಿಂತ (ಬಿಪಿ ಹೇಳುವ ಅಳತೆಯೇ ಇದು) ಕಡಿಮೆ ಇದ್ದರೆ ಹುಣ್ಣಾಗದು ಅನ್ನುವ ಮಾತು ಕೇಳಿರುತ್ತೀರಿ. ಆ ಅಂಕಿ ಬಂದದ್ದು 1930ರಲ್ಲಿ, ಆರೋಗ್ಯವಂತರ ಉಗುರಿನ ಬುಡದ ಸಣ್ಣ ರಕ್ತನಾಳಗಳನ್ನು ಅಳೆದು. ತಿಂಗಳುಗಟ್ಟಲೆ ಮಲಗಿ ಸೊರಗಿದವರ ಬೆನ್ನಿಗೆ ಅದೇ ಗೆರೆ ಹೊಂದುವುದಿಲ್ಲ. ಜೊತೆಗೆ, ಹಾಸಿಗೆಗೆ ಗೊತ್ತಾಗುವುದು ಒಂದಿಡೀ ಕೋಶದ, ಅಂದರೆ ಹಾಸಿಗೆಯೊಳಗಿನ ಒಂದು ಗಾಳಿಚೀಲದ, ಒತ್ತಡ. ಮೂಳೆಯ ಹತ್ತಿರ, ಮಾಂಸದ ಒಳಗೆ ಅದಕ್ಕಿಂತ ಎಷ್ಟೋ ಜಾಸ್ತಿ ಇರಬಹುದು. ಒದ್ದೆ ಡೈಪರ್, ಚರ್ಮ ಜಾರಿ ಎಳೆದಾಡುವುದು, ಇವೂ ಆ ಚಿತ್ರದಲ್ಲಿ ಕಾಣುವುದಿಲ್ಲ.

ನಾನು ನೋಡಿಕೊಳ್ಳುತ್ತಿದ್ದ ಒಬ್ಬ ಅಜ್ಜಿಯ ಹಾಸಿಗೆ ರಾತ್ರಿಯೆಲ್ಲ ಹಸಿರು ತೋರಿಸಿತ್ತು. ಬೆಳಿಗ್ಗೆ ಹೊರಳಿಸಿದರೆ ತೊಡೆಯ ಹಿಂದೆ ರೂಲರ್ ಇಟ್ಟು ಎಳೆದ ಹಾಗೆ ಕಪ್ಪುಗೆಂಪು ಗೆರೆ. ಮೂತ್ರದ ಪೈಪ್ ಅಡಿಗೆ ಸಿಕ್ಕಿಕೊಂಡಿತ್ತು. ಅಷ್ಟು ತೆಳ್ಳಗಿನ ಪೈಪ್ ಅಗಲವಾದ ಕೋಶಕ್ಕೆ ಲೆಕ್ಕಕ್ಕೇ ಬರಲಿಲ್ಲ. ಅಂದಿನಿಂದ ಮೊದಲು ಅಡಿಗೆ ಕೈ ಹಾಕಿ ತಡವುತ್ತೇನೆ, ಆಮೇಲೆ ಫೋನ್ ನೋಡುತ್ತೇನೆ.

ಚರ್ಮ ನೋಡುವುದು ಹೀಗೆ. ಪ್ರತಿ ಸಲ ಹೊರಳಿಸಿದಾಗ ಬೆನ್ನ ಬುಡದ ಮೂಳೆ, ಸೊಂಟದ ಪಕ್ಕ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ ನೋಡಿ. ಕೆಂಪು ಕಂಡರೆ ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ. ಒತ್ತಿದರೂ ಕೆಂಪು ಹೋಗದಿದ್ದರೆ ಹುಣ್ಣು ಶುರುವಾಗಿದೆ. ಆ ಜಾಗಕ್ಕೆ ಮತ್ತೆ ಭಾರ ಬೀಳದ ಹಾಗೆ ಮಲಗಿಸಿ, ಅಂತರ ಕಡಿಮೆ ಮಾಡಿ, ನರ್ಸ್‌ಗೆ ತೋರಿಸಿ. ಕಪ್ಪು ಬಣ್ಣದವರಲ್ಲಿ ಕೆಂಪು ಸರಿಯಾಗಿ ಕಾಣದು. ಸುತ್ತಲಿಗಿಂತ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ, ಮೆತ್ತಗಾಗಿದೆಯಾ ಅಂತ ಮುಟ್ಟಿ ನೋಡಿ. ತಂದೆಯ ಎಡಗಡೆ ಸ್ಪರ್ಶ ಕಡಿಮೆಯಾಗಿದ್ದರೆ ನೋವು ಅಂತ ಅವರು ಹೇಳಲಾರರು. ಆ ಕಡೆ ಇನ್ನಷ್ಟು ಗಮನ ಇರಲಿ. ಕೆಂಪಾದ ಜಾಗವನ್ನು ತಿಕ್ಕಬೇಡಿ, ನಡುವೆ ತೂತಿರುವ ಉಂಗುರದ ದಿಂಬನ್ನೂ ಇಡಬೇಡಿ.

ಹಿಮ್ಮಡಿಗೆ ಗಾಳಿ ಹಾಸಿಗೆ ಒಂದೇ ಸಾಲದು. ಮೀನಖಂಡದ ಅಡಿಗೆ ಉದ್ದಕ್ಕೆ ದಿಂಬು ಇಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡಿ. ಹಾಸಿಗೆಯ ಮೇಲೆ ಒಂದೇ ಬೆಡ್‌ಶೀಟ್ ಇರಲಿ, ಅದೂ ಬಿಗಿಯಾಗಿ ಎಳೆದಿರಬಾರದು. ರಬ್ಬರ್ ಶೀಟ್, ಮಡಿಸಿದ ಬಟ್ಟೆ ಎಲ್ಲ ಹಾಸುತ್ತಾ ಹೋದರೆ ಹಾಸಿಗೆಗೆ ಕೊಟ್ಟ ದುಡ್ಡು ದಂಡ.

ಪ್ರಶ್ನೆ: ಅಮ್ಮನ ಹಾಸಿಗೆಯ ಅಲಾರಂ ರಾತ್ರಿ ಹತ್ತು ಸಲ ಕೂಗುತ್ತದೆ. ಬಂದ್ ಮಾಡಬಹುದಾ?

ಉತ್ತರ: ಪೂರ್ತಿ ಬಂದ್ ಮಾಡಬೇಡಿ. ಯಾವ ಅಲಾರಂ ಅಂತ ಒಂದು ರಾತ್ರಿ ಬರೆದಿಡಿ. ಗಾಳಿ ಕಡಿಮೆ ಅಂತ ಕೂಗುತ್ತಿದ್ದರೆ ಹೆಚ್ಚಾಗಿ ಪೈಪ್ ಮಂಚದ ಕಂಬಿಗೆ ಸಿಕ್ಕಿ ಮಡಚಿರುತ್ತದೆ, ಇಲ್ಲವೇ ತುರ್ತಿಗೆ ಗಾಳಿ ಬಿಡುವ ಮುಚ್ಚಳ ಸಡಿಲ ಇರುತ್ತದೆ. ಅಲುಗಾಟದ ಅಲಾರಂ ಆದರೆ ಅದರ ಸೂಕ್ಷ್ಮತೆ ತಗ್ಗಿಸಿ. ಅಮ್ಮ ಎದ್ದು ಬೀಳುವ ಭಯ ಇದ್ದರೆ ಹಾಸಿಗೆ ಬಿಟ್ಟು ಏಳುವಾಗಿನ ಅಲಾರಂ ಮಾತ್ರ ಇರಲೇಬೇಕು.

ಪ್ರಶ್ನೆ: ಕರೆಂಟ್ ಹೋದರೆ?

ಉತ್ತರ: ಕೆಲವು ಹಾಸಿಗೆಗಳಲ್ಲಿ ಪೈಪಿನ ಬಾಯಿ ಮುಚ್ಚಿದರೆ ಗಾಳಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ನಿಮ್ಮದರಲ್ಲಿ ಹೇಗೆ ಅಂತ ಇವತ್ತು ಹಗಲಲ್ಲೇ ಮಾಡಿ ನೋಡಿಟ್ಟುಕೊಳ್ಳಿ. ಕರೆಂಟ್ ಹೋದಾಗ ಗಾಳಿ ಹಾಸಿಗೆಯ ಅಡಿಗೆ, ಬೆನ್ನ ಬುಡದ ನೇರಕ್ಕೆ, ಅಂಗೈ ಮೇಲೆ ಮಾಡಿ ಕೈ ತೂರಿಸಿ. ಕೈಗೂ ಮೈಗೂ ನಡುವೆ ಒಂದು ಇಂಚು ಗಾಳಿ ಇದ್ದರೆ ಸದ್ಯಕ್ಕೆ ಪರವಾಗಿಲ್ಲ. ಮೂಳೆ ಕೈಗೆ ತಗುಲಿದರೆ ಆಗಲೇ ಮಗ್ಗುಲು ಬದಲಿಸಿ, ಕರೆಂಟ್ ಬರುವ ತನಕ ದಪ್ಪ ಫೋಮ್ ಹಾಸಿಗೆಗೆ ಮಲಗಿಸಿ.